ಮುಂಡಾಸಿನೊಳಗೆ ಇಂಗ್ಲಿಷಿನವ: ‘ದಿ ಶೇಖ್’ (1921)

ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಹತ್ತಿಪ್ಪತ್ತು ಜನ ಸೇರಿ ಈ ಮೂಕಿಚಿತ್ರ ನೋಡುವುದಾದರೆ ಮೊದಲು ಪ್ರತಿಯನ್ನು ಪರೀಕ್ಷಿಸಿ, ಆಮೇಲೆ ಜನರನ್ನು ಕರೆಯಿರಿ. ಇದರಲ್ಲಿ ಯಾರು ಯಾರೆಂಬುದು ನಿಂತಿರುವುದು ಉಡುಪು, ಮೈಬಣ್ಣ, ನಡುನಡುವೆ ಮಾತು ತೋರಿಸುವ ಅಕ್ಷರದ ಫಲಕ ಈ ಮೂರರ ಮೇಲೆ. ಪ್ರತಿ ಕೆಟ್ಟಿದ್ದರೆ ಮೂರೂ ಕೆಟ್ಟವು.

ಜಾರ್ಜ್ ಮೆಲ್ಫೋರ್ಡ್ ನಿರ್ದೇಶಿಸಿದ ಈ ಚಿತ್ರಕ್ಕೆ ಆಧಾರ ಇ.ಎಂ. ಹಲ್ ಅವರ 1919ರ ಕಾದಂಬರಿ. ಇಂಗ್ಲಿಷ್ ಹೆಣ್ಣು ಡಯಾನಾ (ಆಗ್ನೆಸ್ ಏರ್ಸ್) ಅರಬ್ಬರಿಗೆ ಮಾತ್ರ ಪ್ರವೇಶವಿರುವ ಜಾಗಕ್ಕೆ ನರ್ತಕಿಯ ವೇಷ ಹಾಕಿ ನುಗ್ಗುತ್ತಾಳೆ. ಶೇಖ್ ಅಹ್ಮದ್ ಕಂಡುಹಿಡಿಯುತ್ತಾನೆ, ಮುಂದೆ ಮರುಭೂಮಿಯಲ್ಲಿ ಹೊತ್ತೊಯ್ಯುತ್ತಾನೆ. ಅಪಹರಣವನ್ನೇ ಪ್ರಣಯವೆಂದು ಮಾರುವ ಕಥೆ, ಮಕ್ಕಳನ್ನು ಕೂರಿಸಬೇಡಿ.

ಕೊನೆಗೆ ಗೆಳೆಯ ರಾವೂಲ್ ಗುಟ್ಟು ಬಿಚ್ಚುತ್ತಾನೆ: ಅಹ್ಮದ್ ಅರಬನೇ ಅಲ್ಲ, ಅಪ್ಪ ಇಂಗ್ಲಿಷಿನವ, ತಾಯಿ ಸ್ಪೇನಿನವಳು. ರಂಗನಟಿ ಚಿಂದೋಡಿ ಲೀಲಾ ಅವರ ಊರಾದ ದಾವಣಗೆರೆಯವರಿಗೆ ಈ ತಂತ್ರ ಹೊಸದಲ್ಲ. ಕೊನೆಯ ಅಂಕದಲ್ಲಿ ತಾಯತವೋ ಮಚ್ಚೆಯೋ ಕಂಡು ಅನಾಥ ಹುಡುಗ ಜಮೀನ್ದಾರನ ಮಗನಾಗುವುದು ಕಂಪನಿ ನಾಟಕದ ಹಳೇ ಪಟ್ಟು. ಅಲ್ಲಿ ಗುಟ್ಟು ಆಸ್ತಿ ಕೊಡಿಸುತ್ತದೆ, ಇಲ್ಲಿ ಬಣ್ಣ ತೊಳೆಯುತ್ತದೆ. ಬಿಳಿಯರು ಬೇರೆ ಬಣ್ಣದವರನ್ನು ಮದುವೆಯಾಗುವುದಕ್ಕೆ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಆಗ ಕಾನೂನಿನ ತಡೆಯೇ ಇತ್ತು. ನಾಯಕನ ಮುತ್ತಿಗೂ ಜನ್ಮಪತ್ರ ಬೇಕಾಯಿತು! ತಮಾಷೆಯೆಂದರೆ ಆ ಪಾತ್ರ ಮಾಡಿದ ರುಡಾಲ್ಫ್ ವ್ಯಾಲೆಂಟಿನೊ ಇಟಲಿಯಿಂದ ವಲಸೆ ಬಂದವ. ಕೆಟ್ಟವನಾಗಿಯೇ ಉಳಿಯುವ ದರೋಡೆಕೋರ ಒಮೈರ್ ಮಾತ್ರ ಕೊನೆಯವರೆಗೂ ಅರಬ. ಆ ವೇಷದಲ್ಲಿರುವ ವಾಲ್ಟರ್ ಲಾಂಗ್ ಅಮೆರಿಕದವ.

ಮೈಬಣ್ಣವನ್ನು ನೋಡಿದಂತೆ ನಂಬಬೇಡಿ. ಆಗಿನ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಹತ್ತುತ್ತಿರಲಿಲ್ಲ, ನೀಲಿ ಅತಿಯಾಗಿ ಹತ್ತುತ್ತಿತ್ತು. ಹಾಗಾಗಿ ಕೆಂಪು ತುಟಿ ಕಪ್ಪು, ನೀಲಿ ಆಕಾಶ ಸುಣ್ಣ ಬಳಿದ ಗೋಡೆ. ಮುಖ ಎಷ್ಟು ಬಿಳಿ ಎಂಬುದನ್ನು ಮೇಕಪ್ಪೇ ತೀರ್ಮಾನಿಸುತ್ತಿತ್ತು. ರಾತ್ರಿಯ ದೃಶ್ಯಗಳನ್ನು ಬೆಳಕಿನಲ್ಲೇ ತೆಗೆದು ಫಿಲ್ಮಿಗೆ ನೀಲಿ ಛಾಯೆ ಕೊಡುವ ರೂಢಿಯಿತ್ತು. ಛಾಯೆ ಕಳೆದುಕೊಂಡ ಕಪ್ಪು-ಬಿಳುಪು ಪ್ರತಿಯಲ್ಲಿ ಕಳ್ಳಹೆಜ್ಜೆ ಹಾಕುವವನು ನಡುಹಗಲಲ್ಲಿ ಬಂದಂತೆ ಕಾಣುತ್ತಾನೆ. ಛಾಯೆಯಿರುವ ಪ್ರತಿಯನ್ನೇ ಹುಡುಕಿ, ಕತ್ತಲಾದ ಮೇಲೆ ಶುರುಮಾಡಿ. ಕಿಟಕಿಯ ಬೆಳಕಿಗೆ ಆ ನೀಲಿ ಉಳಿಯುವುದಿಲ್ಲ.

ಇನ್ನು ವೇಗ. ಸಾವಿರ ಅಡಿಯ ರೀಲಿನಲ್ಲಿ 16,000 ಚೌಕಟ್ಟು (ಫ್ರೇಮ್). ಮೂಕಿಯ ಕಾಲದ ನಿಧಾನ ವೇಗದಲ್ಲಿ, ಸೆಕೆಂಡಿಗೆ 16ರಂತೆ ಓಡಿಸಿದರೆ ಹದಿನಾರೂವರೆ ನಿಮಿಷ ದಾಟುತ್ತದೆ, 24ರಂತೆ ಓಡಿಸಿದರೆ ಹನ್ನೊಂದಕ್ಕೇ ಮುಗಿಯುತ್ತದೆ. ಕುದುರೆಗಳು ಕುಪ್ಪಳಿಸುತ್ತಿದ್ದರೆ, ವ್ಯಾಲೆಂಟಿನೊ ಕಣ್ಣರಳಿಸುವುದು ಕೀಲುಗೊಂಬೆಯಂತೆ ಕಂಡರೆ, ಪ್ಲೇಯರಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿ, 24 ಇದ್ದದ್ದು 18 ಆಗುತ್ತದೆ. ಆಗ ಸಂಗೀತವೂ ಎಳೆದಾಡುತ್ತದೆ, ಅದನ್ನು ಮುಚ್ಚಿ ಹಾರ್ಮೋನಿಯಂ-ತಬಲಾದವರನ್ನು ಕೂರಿಸಿ.

ಹೆಚ್ಚು ಕೆಲಸವಿರುವುದು ಫಲಕಗಳಲ್ಲಿ. ಹುಟ್ಟಿನ ಗುಟ್ಟು ಇರುವುದು ಅಕ್ಷರದಲ್ಲಿ ಮಾತ್ರ, ಮುಖದಲ್ಲಿ ಏನೂ ಬದಲಾಗದು. ಒಬ್ಬರು ಕನ್ನಡದಲ್ಲಿ ಗಟ್ಟಿಯಾಗಿ ಓದಲಿ, ಪ್ರತಿ ಫಲಕಕ್ಕೂ ತಡೆದು ನಿಲ್ಲಿಸಲಿ. ತೊಡಕು ಇಲ್ಲಿದೆ: ಇಂಗ್ಲಿಷಿಗೆ ನೀನು-ನೀವು ಭೇದವಿಲ್ಲ, ನಮಗೆ ಅದಿಲ್ಲದೆ ಮಾತೇ ಹೊರಡದು. ಡಯಾನಾ ಮೊದಲಿಂದಲೂ ‘ನೀವು’ ಎಂದರೆ ಅವಳ ಬಿಳಿಯ ಸೊಕ್ಕು ಸತ್ತುಹೋಗುತ್ತದೆ. ಗುಟ್ಟು ತಿಳಿದ ಮೇಲೆ ‘ನೀವು’ ಎಂದರೆ ರಕ್ತಕ್ಕೆ ಕೈಮುಗಿದಂತೆ. ಚಿತ್ರದಲ್ಲಿ ಅವಳ ಪ್ರೀತಿ ಆ ಗುಟ್ಟಿಗಿಂತ ಮೊದಲೇ ಹುಟ್ಟಿರುವುದರಿಂದ ‘ನೀನು’ ‘ನೀವು’ ಆಗುವ ಬದಲಾವಣೆಯನ್ನು ಆ ಪ್ರೀತಿ ಹುಟ್ಟುವಲ್ಲಿಗೇ ತನ್ನಿ. ಅಹ್ಮದ್ ಕೊನೆಯವರೆಗೂ ‘ನೀನು’ ಎನ್ನಲಿ.

ಮುಂದುವರಿಕೆಯಾಗಿ 1926ರಲ್ಲಿ ಬಂದ ‘ದಿ ಸನ್ ಆಫ್ ದಿ ಶೇಖ್’ ಕೈಗೆಲಸದಲ್ಲಿ ಇದಕ್ಕಿಂತ ಮೇಲು. ಅಪ್ಪ-ಮಗ ಎರಡೂ ವ್ಯಾಲೆಂಟಿನೊ ಅವನೇ. ಅದನ್ನು ಇನ್ನೊಂದು ಸಂಜೆಗೆ ಇಟ್ಟುಕೊಳ್ಳಿ.