ಮುಳ್ಳು ಒತ್ತದ ಗಾಳಕ್ಕೆ ಗರಿ ಕಟ್ಟಬೇಡಿ

ನನ್ನ ಬಲ ಹುಬ್ಬಿನ ಕೆಳಗೆ ಈಗ ಒಂದು ಸಣ್ಣ ಗೆರೆ ಇದೆ. ಅದಕ್ಕೂ ಕಣ್ಣಿಗೂ ನಡುವೆ ಒಂದು ಬೆರಳಿನಷ್ಟೂ ಜಾಗವಿಲ್ಲ. ಮೂರು ಸಂಜೆ ಕೂತು ನಾನೇ ಕಟ್ಟಿದ ಫ್ಲೈ, ಅಂದರೆ ಮೀನು ಹಿಡಿಯಲು ಗಾಳಕ್ಕೆ ಗರಿ, ದಾರ ಸುತ್ತಿ ಮಾಡುವ ನಕಲಿ ಹುಳು, ಅಲ್ಲಿ ಚುಚ್ಚಿಕೊಂಡಿತ್ತು. ಮನೇಲಿ ಸುಮ್ನೆ ಮಜಕ್ಕೆ ಫ್ಲೈ ಕಟ್ಟುವವರು ಯಾರಾದರೂ ಇದ್ದರೆ ದಯವಿಟ್ಟು ಓದಿ.

ಈ ಹುಚ್ಚು ಹಿಡಿದದ್ದು ಕಕ್ಕಡದಲ್ಲಿ. ಕೊಡಗಿನ ಕಕ್ಕಡ ಗೊತ್ತಲ್ವಾ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಮಳೆ ಬಿಟ್ಟರೆ ಬೇರೆ ಸುದ್ದಿ ಇರುವುದಿಲ್ಲ. ತೋಟಕ್ಕೆ ಇಳಿದರೆ ಜಿಗಣೆ, ಮನೆಯೊಳಗೆ ಕೂತರೆ ಕರೆಂಟಿಲ್ಲ. ಮೇಜಿನ ಅಂಚಿಗೆ ಒಂದು ಸಣ್ಣ ವೈಸ್ ಬಿಗಿದು, ಅದರ ಬಾಯಿಗೆ ಗಾಳ ಕೊಟ್ಟು, ಟಾರ್ಚ್ ಬೆಳಕಲ್ಲಿ ದಾರ ಸುತ್ತುತ್ತಾ ಕೂತಿರುತ್ತಿದ್ದೆ. ಸಾಮಾನು ಎಲ್ಲಾ ಮನೇದೇ. ನಾಟಿ ಹುಂಜದ ಕುತ್ತಿಗೆ ಗರಿ, ನಾಯಿ ಮೈ ಬಾಚಿದಾಗ ಸಿಕ್ಕಿದ ಕೂದಲು, ಅಮ್ಮನ ಹಳೇ ಸೀರೆಯ ಜರಿ. ಕೊನೆಯ ಗಂಟು ಬಿಚ್ಚದ ಹಾಗೆ ಮೇಲೊಂದು ಹನಿ ನೇಲ್ ಪಾಲಿಶ್. ಹುಳು, ನೊಣ, ಮೀನುಮರಿ, ಏನು ಬೇಕೋ ಅದನ್ನು ಹೋಲುವ ಹಾಗೆ ಕಟ್ಟಬಹುದು. ಯಾವುದನ್ನೂ ಹೋಲದ ಹಾಗೂ ಕಟ್ಟಬಹುದು. ನನ್ನವು ಜಾಸ್ತಿ ಈ ಎರಡನೇ ಜಾತಿಯವು.

ಅಲ್ಲಿಗೇ ನಿಲ್ಲಿಸಿದ್ದರೆ ಸರಿಯಿತ್ತು. ಕೆರೆಯ ತಳದವರೆಗೆ ಮುಳುಗುವಂಥದ್ದು ಒಂದು ಬೇಕು ಅನ್ನಿಸಿತು. 2ನೇ ನಂಬರಿನ ಗಾಳ ತಗೊಂಡೆ. ಗಾಳದಲ್ಲಿ ನಂಬರ್ ಇಳಿದಷ್ಟೂ ಗಾತ್ರ ದೊಡ್ಡದು, ಅಂದರೆ ಇದು ದೊಡ್ಡದೇ. ಅದರ ಕಡ್ಡಿಗೆ ಫ್ಯೂಸ್ ತಂತಿ 20 ಸುತ್ತು ಸುತ್ತಿದೆ. ಸಾಲದು ಅಂತ ಕೀ ಚೈನಿನ ಸ್ಟೀಲ್ ಗುಂಡು ಎರಡನ್ನು ಕಣ್ಣಿನ ಹಾಗೆ ಕಟ್ಟಿದೆ. ಹಿಂದೆ ಎರಡಿಂಚು ಕೆಂಪು ಬಾಲ. ನೋಡಲು ಭಾರೀ ಚೆಂದ.

ಗಾಳದ ತುದಿಯ ಹಿಂದೆ ಒಂದು ಮುಳ್ಳು ಇರುತ್ತದೆ. ಒಳಗೆ ಹೋದದ್ದು ವಾಪಸ್ ಬಾರದಂತೆ ತಡೆಯುವುದು ಅದೇ. ಇಕ್ಕಳದಲ್ಲಿ ಅದನ್ನು ಒತ್ತಿ ಚಪ್ಪಟೆ ಮಾಡಬೇಕು ಅಂತ ಗೊತ್ತಿತ್ತು. ಕಟ್ಟುವ ಮೊದಲೇ ಒತ್ತಬೇಕು, ಯಾಕೆಂದರೆ ಕೆಲವು ಗಾಳ ಒತ್ತುವಾಗಲೇ ಪಟ್ ಅಂತ ಮುರಿಯುತ್ತದೆ. ನಾನು ಮರೆತೆ. ಆಮೇಲೆ ನೆನಪಾಯಿತು, ಆದರೆ ಮೂರು ಸಂಜೆಯ ಕೆಲಸ ಮುರಿದೀತು ಅಂತ ಬಿಟ್ಟೆ.

ಸೆಪ್ಟೆಂಬರ್ ಶುರುವಿನಲ್ಲಿ ಬರುವ ನಮ್ಮ ಕೈಲ್ ಮುಹೂರ್ತ ಹಬ್ಬ ಮುಗಿದ ವಾರ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಸುಂಟಿಕೊಪ್ಪದ ಹತ್ತಿರ ಭಾವನ ತೋಟದಲ್ಲಿ ಕೆರೆ ಇದೆ, ಜಿಲೇಬಿ ಮತ್ತು ಗೆಂಡೆ ಮೀನು ಇವೆ. ನನ್ನ ಕೋಲು 5ನೇ ನಂಬರಿನದ್ದು, ಹಗುರ ಫ್ಲೈಗಳಿಗೆ ಅಂತ ಇರುವುದು. ಮಾಮೂಲಿ ಗಾಳದಲ್ಲಿ ತುದಿಯ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಎಸೆತದಲ್ಲಿ ಇದು ಉಲ್ಟಾ. ದಪ್ಪ ಲೈನಿನ ಭಾರ ಮುಂದೆ ಹೋಗುತ್ತದೆ, ಫ್ಲೈ ಸುಮ್ನೆ ಅದರ ಬಾಲ ಹಿಡಿದು ಹೋಗಬೇಕು. ಫ್ಲೈಯೇ ಭಾರ ಆದರೆ ಅದು ಯಾರ ಮಾತೂ ಕೇಳುವುದಿಲ್ಲ. ಹಿಂದಕ್ಕೆ ಬೀಸಿದಾಗ ಕೆಳಗೆ ಜೋಲುತ್ತದೆ, ಮುಂದೆ ಬರುವಾಗ ತಲೆಯ ಎತ್ತರದಲ್ಲೇ ಬರುತ್ತದೆ.

ಅವತ್ತು ಬಲಗಡೆಯಿಂದ ಗಾಳಿ ಬೇರೆ. ನಾನು ಬಲಗೈಯವನು, ಹಾಗಾಗಿ ಗಾಳಿ ಲೈನನ್ನು ನನ್ನ ಮೈಮೇಲೆ ತಳ್ಳುತ್ತಿತ್ತು. ಜಿನುಗು ಮಳೆಗೆ ಮಂಜಾಗುತ್ತೆ ಅಂತ ಕನ್ನಡಕ ತೆಗೆದು ಜೇಬಿಗೆ ಹಾಕಿದ್ದೆ. ನಾಲ್ಕನೇ ಎಸೆತಕ್ಕೆ, ಹಿಂದೆ ಲೈನ್ ಸರಿಯಾಗಿ ಬಿಚ್ಚಿಕೊಂಡಿತಾ ಅಂತ ತಲೆ ತಿರುಗಿಸಿ ನೋಡಿದೆ. ಯಾರೋ ಕಲ್ಲು ಹೊಡೆದ ಹಾಗಾಯಿತು. ಕೈ ಇಟ್ಟರೆ ಗರಿ ತಾಗಿತು.

ಮೊದಲು ಮಾಡಿದ ಕೆಲಸವೇ ತಪ್ಪು. ಹಿಡಿದು ಎಳೆದೆ. ಚರ್ಮ ಟೆಂಟಿನ ಹಾಗೆ ಎದ್ದು ನಿಂತಿತು, ಗಾಳ ಕದಲಲಿಲ್ಲ, ರಕ್ತ ಕಣ್ಣಿಗಿಳಿಯಿತು. "ಏ ಮಾರಾಯ, ಮುಟ್ಟಬೇಡ" ಅಂತ ಭಾವ ಕೂಗಿದರು. ಆದರೆ ಮರುಕ್ಷಣ ಅವರಿಗೇ ಒಂದು ವಿಡಿಯೋ ನೆನಪಾಯಿತು. ಗಾಳದ ಬಾಗಿಗೆ ದಾರ ಸುತ್ತಿ, ಕಡ್ಡಿಯನ್ನು ಚರ್ಮಕ್ಕೆ ಒತ್ತಿ, ಒಮ್ಮೆಲೇ ಜಗ್ಗುವ ಉಪಾಯ. ಇದು ಇರುವುದು ನಿಜ, ಆದರೆ ಕಣ್ಣಿನ ಹತ್ತಿರ ಬೇಡವೇ ಬೇಡ. ಅದೃಷ್ಟಕ್ಕೆ ಅಕ್ಕ ಬಂದು ಇಬ್ಬರಿಗೂ ಬೈದರು. ಲೈನ್ ಕತ್ತರಿಸಿ, ಫ್ಲೈ ಅಲ್ಲಾಡದಂತೆ ಮೇಲೆ ಒಂದು ಪೇಪರ್ ಕಪ್ ಬೋರಲು ಹಾಕಿ ಟೇಪ್ ಅಂಟಿಸಿದರು. ಆ ವೇಷದಲ್ಲಿ ಜೀಪು ಹತ್ತಿ ಮಡಿಕೇರಿಗೆ ಹೋದೆ. ಸುಮಾರು 15 ಕಿಲೋಮೀಟರ್. ಪ್ರತಿ ತಿರುವೂ ಹುಬ್ಬಿಗೆ ಗೊತ್ತಾಗುತ್ತಿತ್ತು.

ಡಾಕ್ಟರ್ ಕಪ್ ತೆಗೆದು ಸ್ವಲ್ಪ ಹೊತ್ತು ನೋಡಿದರು. "ಇದೇನು, ಹಕ್ಕಿಯಾ?" ಅಂದರು. ಮೊದಲು ಕತ್ತರಿಯಿಂದ ಗರಿ, ಬಾಲ, ಜರಿ ಎಲ್ಲಾ ಕತ್ತರಿಸಿದರು. ಮೂರು ಸಂಜೆಯ ಕೆಲಸ ಅರ್ಧ ನಿಮಿಷದಲ್ಲಿ ಟ್ರೇಗೆ ಬಿತ್ತು. ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಆಮೇಲೆ ಗಾಳವನ್ನು ಹಿಂದಕ್ಕೆ ಎಳೆಯಲಿಲ್ಲ, ಮುಂದಕ್ಕೇ ತಳ್ಳಿದರು. ತುದಿ ಚರ್ಮದಿಂದ ಹೊರಗೆ ಬಂದ ಮೇಲೆ ಮುಳ್ಳನ್ನು ಕತ್ತರಿಸಿ, ಉಳಿದದ್ದನ್ನು ಬಂದ ದಾರಿಯಲ್ಲೇ ತೆಗೆದರು. ಕೋಳಿ ಗರಿ, ನಾಯಿ ಕೂದಲು ಅಂತ ಕೇಳಿದ ಮೇಲೆ ಗಾಯವನ್ನು ಇನ್ನೊಮ್ಮೆ ತೊಳೆದು ಟಿಟಿ ಚುಚ್ಚಿದರು. ಮುಳ್ಳು ಒತ್ತಿದ್ದರೆ ಬಂದ ದಾರಿಯಲ್ಲೇ ಜಾರಿ ಬರುತ್ತಿತ್ತಂತೆ.

ಭಾರದ ಫ್ಲೈ ಎಸೆಯಲೇಬೇಕು ಅಂದರೆ ಅದಕ್ಕೆ ತಕ್ಕ ದಪ್ಪ ಕೋಲು ಇಟ್ಟುಕೊಳ್ಳಿ. ಎಸೆಯುವ ಕೈಯ ಕಡೆಯಿಂದ ಗಾಳಿ ಬರುತ್ತಿದ್ದರೆ ಜಾಗ ಬದಲಿಸಿ. ಟೋಪಿ, ಕನ್ನಡಕ ತೆಗೆಯಬೇಡಿ, ಮಂಜಾದರೆ ಒರೆಸಿಕೊಳ್ಳಿ. ಹಿಂದೆ ಯಾರೂ ನಿಲ್ಲಬಾರದು. ನನ್ನ ಹಿಂದೆ ಅವತ್ತು ಭಾವನ ಚಿಕ್ಕ ಮಗ ನಿಂತಿದ್ದ, ಅದನ್ನು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಇನ್ನೊಂದು ವಿಷಯ, ಇದೇ ನೆಪದಲ್ಲಿ ಹೇಳಿಬಿಡುತ್ತೇನೆ. ಫ್ಲೈ ಕಟ್ಟುವವರಿಗೆ ಕಾಡುಕೋಳಿ ಹುಂಜದ ಕುತ್ತಿಗೆ ಗರಿ ಅಂದರೆ ಬಂಗಾರ. ನಮ್ಮ ತೋಟಗಳಲ್ಲೇ ಓಡಾಡುತ್ತೆ, ತಂದುಕೊಡ್ತೀನಿ ಅನ್ನುವವರೂ ಸಿಗುತ್ತಾರೆ. ಅದು 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಬರುವ ಹಕ್ಕಿ. ಕೈ ಹಾಕಬೇಡಿ, ಮನೆ ಹುಂಜವೇ ಸಾಕು.

ಮುಳ್ಳು ಸರಿಯಾಗಿ ಒತ್ತಿದೆಯಾ ಅಂತ ನೋಡಲು ಗಾಳವನ್ನು ಹತ್ತಿ ಬಟ್ಟೆಗೆ ಚುಚ್ಚಿ ವಾಪಸ್ ಎಳೆಯಬೇಕು. ಸಲೀಸಾಗಿ ಬಂದರೆ ಸರಿ, ನೂಲು ಹಿಡಿದರೆ ಇನ್ನೂ ಮುಳ್ಳಿದೆ ಅಂತ. ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ಅಮ್ಮ ಒಂದು ಹಳೇ ಸೀರೆ ತುಂಡು ತಂದು ನನ್ನ ಡಬ್ಬಿಯ ಪಕ್ಕ ಇಟ್ಟರು. ಡಬ್ಬಿಯಲ್ಲಿ 12 ಫ್ಲೈ ಇದ್ದವು. 7 ಬಟ್ಟೆಯಲ್ಲೇ ಉಳಿದವು.