ಇಂಡಕ್ಷನ್ ಒಲೆಯ ಬಟನ್ ಕೆಟ್ಟಾಗ: ತೊಳೆಯೋದಾ, ಕಾರ್ಡ್ ಹಾಕೋದಾ, ಸ್ವಿಚ್ ಬದಲಿಸೋದಾ?

ಪ್ಲಸ್ ಒತ್ತಿದರೆ ಟೈಮರ್ ಶುರುವಾಗುತ್ತಿತ್ತು. ಮೈನಸ್ ಒತ್ತಿದರೆ ಏನೂ ಇಲ್ಲ. ಆನ್ ಬಟನ್ನನ್ನು ಹೆಬ್ಬೆರಳು ಬೆಳ್ಳಗಾಗುವಷ್ಟು ಅದುಮಿ ಹಿಡಿದರೆ ಮಾತ್ರ ಒಂದು ಬೀಪ್ ಬರುತ್ತಿತ್ತು, ಅದೂ ಅದರ ಮನಸ್ಸು ಬಂದರೆ. ಇದು ಕಲಬುರಗಿಯ ಮೇ ತಿಂಗಳಲ್ಲಿ, ಹೊರಗೆ 43 ಡಿಗ್ರಿ ಇದ್ದಾಗ. ಆ ದಿನಗಳಲ್ಲಿ ನಮ್ಮನೆಯಲ್ಲಿ ಗ್ಯಾಸ್ ಹಚ್ಚುವುದು ಜೋಳದ ರೊಟ್ಟಿಗೆ ಮಾತ್ರ, ಯಾಕೆಂದರೆ ರೊಟ್ಟಿ ಉಬ್ಬಬೇಕಾದರೆ ಬೆಂಕಿಯೇ ಬೇಕು. ಬೇಳೆ, ಅನ್ನ, ಚಹಾ ಎಲ್ಲ ಇಂಡಕ್ಷನ್ ಮೇಲೆ. ಹಾಗಾಗಿ ಒಲೆ ಕೈ ಕೊಟ್ಟಿದ್ದು ದೊಡ್ಡ ವಿಷಯವೇ ಆಯಿತು.

ರಿಪೇರಿಗೆ ಮೂರು ದಾರಿ ಇದ್ದವು. ಮೂರನ್ನೂ ಮಾಡಿ ನೋಡಿದೆ. ಕೊನೆಗೆ ಮಾಡಿದ್ದನ್ನು ಮೊದಲೇ ಮಾಡಿದ್ದರೆ ದುಡ್ಡೂ ಉಳಿಯುತ್ತಿತ್ತು, ಅವ್ವನ ಬೈಗುಳವೂ ಉಳಿಯುತ್ತಿತ್ತು.

ಇಲ್ಲಿ ಹೇಳುತ್ತಿರುವುದು ಒತ್ತಿದರೆ 'ಟಿಕ್' ಅನ್ನುವ ಬಟನ್ನಿನ ಒಲೆ ಬಗ್ಗೆ. ಟಚ್ ಒಲೆಯ ಕಥೆ ಬೇರೆ, ಆಮೇಲೆ ಹೇಳುತ್ತೇನೆ. ಬಟನ್ ಒಲೆಯಲ್ಲಿ ಮೇಲೆ ಕಾಣುವುದು ಬರೀ ಸ್ಟಿಕ್ಕರ್. ಅದರ ಕೆಳಗೆ ಒಂದು ಚಿಕ್ಕ ಕಾರ್ಡ್, ಅಂದರೆ ಸರ್ಕ್ಯೂಟ್ ಬೋರ್ಡ್, ಅದರ ಮೇಲೆ 6 ಮಿ.ಮೀ. ಚೌಕದ ಪುಟಾಣಿ ಸ್ವಿಚ್‌ಗಳು, ಒಂದೊಂದಕ್ಕೂ ನಾಲ್ಕು ಕಾಲು. ಕುಕ್ಕರ್ ಸೀಟಿ ಹೊಡೆದಾಗಲೆಲ್ಲ ಬೇಳೆ ನೀರು ಚಿಮ್ಮಿ ಸ್ಟಿಕ್ಕರ್ ಅಂಚಿನಿಂದ ಒಳಗೆ ಇಳಿಯುತ್ತದೆ. ತೊಗರಿ ನಾಡಲ್ಲಿ ಇದ್ದು ಬೇಳೆ ಬೇಯಿಸಬೇಡಿ ಅಂತ ಹೇಳೋಕಾಗುತ್ತಾ? ಅದರ ಮೇಲೆ ನಾವು ಒದ್ದೆ ಬಟ್ಟೆಯಿಂದ ಒರೆಸುತ್ತೇವೆ. ನಮ್ಮ ಬೋರ್‌ವೆಲ್ ನೀರಂತೂ ಒಣಗಿದ ಕಡೆಯೆಲ್ಲ ಬಿಳಿ ಕಲೆ ಬಿಡುವಂಥದ್ದು.

ಮೊದಲು ಮಾಡಿದ್ದು ತೊಳೆಯುವ ಕೆಲಸ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟೆ. ಹೀಗೆ ಕಾಯುವುದನ್ನು ಯಾರೂ ತಪ್ಪಿಸಬೇಡಿ, ಕರೆಂಟು ಹಿಡಿದಿಟ್ಟುಕೊಳ್ಳುವ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ನಿಂತಿರಬಹುದು. ಮಗುಚಿ ಹಾಕಿ ಸ್ಕ್ರೂ ಬಿಚ್ಚಿ, ಗಾಜಿನ ತಟ್ಟೆಗೆ ಅಂಟಿದ ಮೇಲ್ಭಾಗವನ್ನು ಮೆಲ್ಲಗೆ ಎತ್ತಿದೆ. ಕಾರ್ಡ್ ಹೊರಗೆ ತೆಗೆದು ನೋಡಿದರೆ ಎರಡು ಸ್ವಿಚ್ ಸುತ್ತ ಹಳದಿ ಬೇಳೆ ಪದರ, ಒಣಗಿ ಸುಣ್ಣದ ಹಾಗೆ ಬಿರುಕು ಬಿಟ್ಟಿತ್ತು. ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಐಸೋಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ, 120 ರೂಪಾಯಿ ಕೊಟ್ಟು ಒಂದು ಬಾಟಲಿ ತಂದು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಫ್ಯಾನ್ ಕೆಳಗೆ ಒಣಗಿಸಿದೆ. ಒಲೆ ಹೊಸದರ ಹಾಗೆ ಓಡಿತು.

ಒಂಬತ್ತು ದಿನ.

ಹತ್ತನೇ ದಿನ ಮತ್ತೆ ಅದೇ ಟೈಮರ್ ಕಾಟ. ಅವ್ವ ಚಹಾದ ಪಾತ್ರೆ ಹಿಡಿದು ನಿಂತು, 'ಬಟ್ಟಿ ಹಿಂಡಿ ಒರಸು ಅಂತ ಎಷ್ಟು ಸಲ ಹೇಳೀನಿ' ಅಂದಳು. ಒರೆಸುವವಳು ಅವಳೇ, ಇರಲಿ. ಆಲ್ಕೋಹಾಲ್ ಸ್ವಿಚ್ಚಿನ ಹೊರಗಿನ ಕೊಳೆ ತೆಗೆಯುತ್ತದೆ. ಒಳಗೆ ಇರುವ ಬಟ್ಟಲಿನಂಥ ತಗಡು ಕಪ್ಪಾಗಿದ್ದರೆ ಅದಕ್ಕೇನೂ ಮಾಡೋಕಾಗಲ್ಲ. ಚೆಲ್ಲಿದ ದಿನವೇ ಬಿಚ್ಚಿ ತೊಳೆದರೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ, ತಿಂಗಳುಗಟ್ಟಲೆ ಆದ ಮೇಲೆ ತೊಳೆದರೆ ಸುಮ್ನೆ ಸಮಾಧಾನ ಅಷ್ಟೇ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ ಅಂತ ಒಬ್ಬರು ಹೇಳಿದ್ದರು. ಅದರಲ್ಲಿ ಎಣ್ಣೆ ಇರುತ್ತದೆ, ಧೂಳು ಇನ್ನೂ ಜಾಸ್ತಿ ಹಿಡಿಯುತ್ತದೆ, ಅದಕ್ಕೆ ಬೇಡ ಅಂದೆ.

ಎರಡನೆಯದು ಕಾರ್ಡ್ ಬದಲಿಸುವುದು. ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಗೆ ಹೋದೆ. ಭಾಯ್ ಮೀಟರ್ ಕೂಡ ಕೈಗೆ ತೆಗೆದುಕೊಳ್ಳದೆ 'ಕಾರ್ಡೇ ಹೋಗ್ಯಾದ್ರಿ ಸರ್' ಅಂದ. 650 ರೂಪಾಯಿ. ಸ್ಕ್ರೂ ತೂತು ಸರಿಯಾಗಿ ಕೂತವು, ವೈರಿನ ಬಿಳಿ ಕನೆಕ್ಟರ್ ಕೂಡ ಕೂತಿತು, ಆಹಾ ಅಂದುಕೊಂಡು ಮನೆಗೆ ತಂದು ಒಲೆ ಆನ್ ಮಾಡಿದರೆ ಡಿಸ್ಪ್ಲೇಯಲ್ಲಿ ಅಂಕಿಯೂ ಅಲ್ಲದ ಅಕ್ಷರವೂ ಅಲ್ಲದ ಅರ್ಧಂಬರ್ಧ ಗೆರೆಗಳು. ಪಿನ್ನುಗಳ ಸಂಖ್ಯೆ ಒಂದೇ, ಆದರೆ ಯಾವ ಪಿನ್ ಯಾವುದಕ್ಕೆ ಅನ್ನೋ ಕ್ರಮ ಬೇರೆ. ಕೆಳಗಿನ ದೊಡ್ಡ ಬೋರ್ಡ್ ಸುಡಲಿಲ್ಲ, ಅದು ನನ್ನ ಪುಣ್ಯ. ವಾಪಸ್ ಕೊಟ್ಟಾಗ ಸಿಕ್ಕಿದ್ದು 400.

ಕಾರ್ಡ್ ಬದಲಿಸುವುದೇ ತಪ್ಪು ಅಂತ ಹೇಳಲ್ಲ. ಹಸಿರು ಬೋರ್ಡ್ ಮೇಲೆ ಸಣ್ಣ ಬಿಳಿ ಅಕ್ಷರದಲ್ಲಿ ಒಂದು ನಂಬರ್ ಅಚ್ಚಾಗಿರುತ್ತದೆ, ಅದರ ಫೋಟೋ ತೆಗೆದುಕೊಂಡು ಹೋಗಿ. ಅದೇ ನಂಬರ್ ಸಿಕ್ಕರೆ ಸೋಲ್ಡರಿಂಗ್ ಗೊತ್ತಿಲ್ಲದವರಿಗೆ ಇದೇ ಸುಲಭ, ಇಪ್ಪತ್ತು ನಿಮಿಷದ ಕೆಲಸ. ಡಿಸ್ಪ್ಲೇಯೇ ಕತ್ತಲಾಗಿದ್ದರೆ ಸ್ವಿಚ್ ಬದಲಿಸಿ ಏನೂ ಪ್ರಯೋಜನವಿಲ್ಲ, ಅಂಗಡಿಗೇ ಹೋಗಬೇಕು. ನನ್ನದರಲ್ಲಿ ಡಿಸ್ಪ್ಲೇ ಚೆನ್ನಾಗಿತ್ತು, ಕೆಟ್ಟಿದ್ದು ಬೆರಳು ತಾಗುವ ಜಾಗ ಮಾತ್ರ.

ಮೂರನೆಯದು ಸ್ವಿಚ್ ಬದಲಿಸುವುದು, ಮೊದಲೇ ಮಾಡಬೇಕಾಗಿದ್ದದ್ದು. ಕಾರ್ಡ್ ಬಿಚ್ಚಿ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟೆ, ಕರೆಂಟಿಗೆ ದಾರಿ ಇದ್ದರೆ ಅದು ಬೀಪ್ ಅನ್ನುತ್ತದೆ. ಈ ಸ್ವಿಚ್ಚಿನ ನಾಲ್ಕು ಕಾಲಿನಲ್ಲಿ ಎರಡೆರಡು ಒಳಗೇ ಜೋಡಿಯಾಗಿರುತ್ತವೆ. ಹಾಗಾಗಿ ಮೀಟರ್ ಕಡ್ಡಿಗಳನ್ನು ಅಕ್ಕಪಕ್ಕದ ಕಾಲಿಗೆ ಇಟ್ಟರೆ ಮೋಸ ಹೋಗಬಹುದು, ಮೂಲೆಯಿಂದ ಎದುರು ಮೂಲೆಗೆ ಇಡಬೇಕು. ಒಳ್ಳೆ ಸ್ವಿಚ್ ಒತ್ತಿದರೆ ಬೀಪ್, ಬಿಟ್ಟರೆ ಮೌನ. ನನ್ನ ಆನ್ ಬಟನ್ ಮೂರು ಸಲ ಒತ್ತಿದರೆ ಒಂದು ಸಲ ಬೀಪ್ ಅಂದಿತು. ಮೈನಸ್ ಸತ್ತೇ ಹೋಗಿತ್ತು. ಪ್ಲಸ್ ಮಜಾ ಕೊಟ್ಟಿತು: ಒತ್ತದೆ ಇದ್ದಾಗಲೂ ಓಮ್‌ನಲ್ಲಿ ಏನೋ ಒಂದು ಅಂಕಿ ಕುಣಿಯುತ್ತಿತ್ತು, ಅಂದರೆ ಒಳಗೇ ಕರೆಂಟು ಸೋರುತ್ತಿದೆ. ಪ್ಲಸ್ ಒತ್ತಿದರೆ ಟೈಮರ್ ಯಾಕೆ ಶುರುವಾಗುತ್ತಿತ್ತು ಅಂತ ಆಗ ತಿಳಿಯಿತು. ಕೆಲವು ಕಾರ್ಡ್‌ಗಳಲ್ಲಿ ಎಲ್ಲ ಬಟನ್ನುಗಳೂ ಬೇರೆ ಬೇರೆ ಅಳತೆಯ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ) ಮೂಲಕ ಒಂದೇ ಪಿನ್‌ಗೆ ಹೋಗುತ್ತವೆ, ಚಿಪ್ ಬರೀ ವೋಲ್ಟೇಜ್ ನೋಡಿ ಯಾವ ಬಟನ್ ಅಂತ ಊಹಿಸುತ್ತದೆ. ಒಂದು ಸೋರಿದರೆ ಲೆಕ್ಕವೆಲ್ಲ ತಪ್ಪಿ ಪಕ್ಕದ ಬಟನ್ನಿನ ಹೆಸರು ಹೇಳಿಬಿಡುತ್ತದೆ. ಅದಕ್ಕೇ ಕೆಟ್ಟಿದ್ದನ್ನು ಮಾತ್ರ ಬದಲಿಸಿ ಜಾಣತನ ಮಾಡಬೇಡಿ, ಏಳಿದ್ದರೆ ಏಳನ್ನೂ ಬದಲಿಸಿ. ಹತ್ತು ಸ್ವಿಚ್‌ಗೆ ನಾನು ಕೊಟ್ಟಿದ್ದು 30 ರೂಪಾಯಿ.

ತರುವಾಗ ಹಳೇ ಸ್ವಿಚ್ ಒಂದನ್ನು ಜೇಬಲ್ಲಿ ಹಾಕಿಕೊಂಡು ಹೋಗಿ. ಚೌಕದ ಅಳತೆ ಒಂದೇ ಇದ್ದರೂ ಮೇಲಿನ ಗುಬಟಿನ ಎತ್ತರ ಬೇರೆ ಬೇರೆ ಬರುತ್ತದೆ. ಅರ್ಧ ಮಿ.ಮೀ. ಜಾಸ್ತಿಯಾದರೂ ಮುಚ್ಚಿದ ಕೂಡಲೇ ಬಟನ್ ಒತ್ತಿಕೊಂಡೇ ಕೂರಬಹುದು. ಸೋಲ್ಡರ್ ಕೀಳುವಾಗ ಆತುರ ಪಟ್ಟು ಒಂದು ಕಡೆ ತಾಮ್ರದ ಪದರವನ್ನೇ ಕಿತ್ತೆ, ಆಮೇಲೆ ಸಣ್ಣ ವೈರಿನ ತುಂಡು ಹಾಕಿ ಸರಿ ಮಾಡಿದೆ. ಒಟ್ಟು ಒಂದೂವರೆ ಗಂಟೆ. ಇವತ್ತಿಗೆ ಹದಿನಾಲ್ಕು ತಿಂಗಳಾಯಿತು, ಬಟನ್ ಮೇಲೆ ಬೆರಳು ಇಟ್ಟರೆ ಸಾಕು.

ಈಗ ಟಚ್. ಬೀದರಿನಲ್ಲಿ ಅಣ್ಣನ ಮನೆಯಲ್ಲಿ ಟಚ್ ಒಲೆ ಇದೆ, ನನ್ನ ಸಾಹಸ ಕೇಳಿ ವೈನಿ 'ನಮ್ಮದೂ ನೋಡಪಾ' ಅಂದರು. ಅಲ್ಲಿ ಬದಲಿಸೋಕೆ ಸ್ವಿಚ್ಚೇ ಇಲ್ಲ. ಗಾಜಿನ ಕೆಳಗೆ ಪುಟ್ಟ ಸ್ಪ್ರಿಂಗುಗಳು ನಿಂತಿರುತ್ತವೆ, ಬೆರಳು ಹತ್ತಿರ ಬಂದಾಗ ಆಗುವ ಬದಲಾವಣೆಯನ್ನು ಅವು ಹಿಡಿಯುತ್ತವೆ. ಗಾಜು ಒದ್ದೆ ಇದ್ದರೆ ನೀರನ್ನೇ ಬೆರಳು ಅಂದುಕೊಳ್ಳುತ್ತವೆ. ಒಣ ಬಟ್ಟೆಯಿಂದ ಒರೆಸಿದ ಮೇಲೆ ಅರ್ಧ ತೊಂದರೆ ಹೋಯಿತು. ಉಳಿದ ಒಂದು ಬಟನ್ನಿಗಾಗಿ ಬಿಚ್ಚಿದರೆ ಸ್ಪ್ರಿಂಗ್ ವಾಲಿ ಗಾಜಿಗೆ ತಾಗುತ್ತಲೇ ಇರಲಿಲ್ಲ, ನೆಟ್ಟಗೆ ಮಾಡಿದೆ. ಖರ್ಚು ಸೊನ್ನೆ. ಆದರೂ ಬೇಳೆ ಉಕ್ಕುವ ಮನೆಗೆ ನಾನು ಟಚ್ ತರಲ್ಲ. ಉಕ್ಕಿದ ಗಳಿಗೆಯಲ್ಲೇ ಆಫ್ ಮಾಡಬೇಕು, ಆ ಗಳಿಗೆಯಲ್ಲೇ ಅದು ಒದ್ದೆಯಾಗಿ ಮಾತು ಕೇಳಲ್ಲ.

ಮೈಕ್ರೋವೇವ್ ಬಟನ್ ಕೆಟ್ಟರೆ ಮಾತ್ರ ನನ್ನನ್ನು ಕೇಳಬೇಡಿ. ಹಲವು ಮಾಡೆಲ್‌ಗಳಲ್ಲಿ ಬಟನ್ ಅಂದರೆ ಗೆರೆ ಎಳೆದ ಪ್ಲಾಸ್ಟಿಕ್ ಹಾಳೆ, ಸೋಲ್ಡರ್ ತಾಗಿಸಿದರೆ ಕರಗುತ್ತದೆ, ಪೂರ್ತಿ ಹಾಳೆಯನ್ನೇ ಬದಲಿಸಬೇಕು. ಅದಕ್ಕಿಂತ ಮುಖ್ಯ, ಅದರ ಒಳಗಿನ ಕೆಪಾಸಿಟರ್ 2000 ವೋಲ್ಟ್ ಮಟ್ಟದ್ದು, ಪ್ಲಗ್ ಕಿತ್ತ ಮೇಲೂ ಜೀವ ತೆಗೆಯಬಲ್ಲದು. ನಮ್ಮದನ್ನು ನಾನು ಬಿಚ್ಚಲೇ ಇಲ್ಲ, ಗೊತ್ತಿರುವವರ ಕೈಗೆ ಕೊಟ್ಟೆ.

ಹತ್ತರಲ್ಲಿ ಮೂರು ಸ್ವಿಚ್ ಉಳಿದಿದ್ದವು. ಎರಡು ಪಕ್ಕದ ಮನೆ ಕಾಕಿಯ ಒಲೆಗೆ ಹೋದವು, ಏಳನ್ನೂ ಬದಲಿಸಬೇಕು ಅಂತ ನಾನು ಹೇಳಿದರೂ ಅವರು ಕೇಳಲಿಲ್ಲ. ಮೂರು ವಾರಕ್ಕೆ ಒಲೆ ಮತ್ತೆ ನಮ್ಮ ಕಟ್ಟೆ ಮೇಲೆ ಬಂದು ಕೂತಿದೆ, ಜೊತೆಗೆ ಒಂದು ಡಬ್ಬಿ ಶೇಂಗಾ ಹೋಳಿಗೆ.