ಸೋಲೆಕ್ಸ್ 3800: ಮಳೆ ಬರುವವರೆಗೆ ಚಿನ್ನ

ಊರಲ್ಲಿ ಲೂನಾ ಓಡಿಸಿ ಬೆಳೆದವರಿಗೆ ಸೋಲೆಕ್ಸ್ ಮೊಪೆಡ್ ವಿಚಿತ್ರವಾಗಿ ಕಾಣುತ್ತದೆ. ಇಂಜಿನ್ ಇರುವುದು ಮುಂದಿನ ಚಕ್ರದ ಮೇಲೆ. ಅಲ್ಲಿಂದ ಚಕ್ರಕ್ಕೆ ಚೈನೂ ಇಲ್ಲ, ಬೆಲ್ಟೂ ಇಲ್ಲ. ಒರಟಾದ ಒಂದು ರೋಲರ್ ಟೈರಿಗೆ ಒತ್ತಿಕೊಂಡು ಅದನ್ನು ತಿರುಗಿಸುತ್ತದೆ, ಅಷ್ಟೇ. ಈ ಫ್ರೆಂಚ್ ಗಾಡಿ 1946ರಿಂದ 1988ರವರೆಗೆ ಮಾರಾಟವಾಯಿತು. ನನ್ನ ಬಳಿ ಇರುವುದು 1966ರಲ್ಲಿ ಬಂದ 3800 ಮಾಡೆಲ್. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ವರ್ಷಗಳಿಂದ ಇದನ್ನೇ ಓಡಿಸುತ್ತಿದ್ದೇನೆ.

ಬೆಳಿಗ್ಗೆ ಸ್ಟಾರ್ಟ್ ಮಾಡುವುದೇ ಒಂದು ಖುಷಿ. ಮೊದಲು ಉದ್ದನೆಯ ಲಿವರ್ ಹಿಡಿದು ಇಂಜಿನ್ನನ್ನು ಟೈರ್ ಮೇಲೆ ಇಳಿಸುತ್ತೇನೆ. ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಒತ್ತಿ ಹಿಡಿದು ಸ್ವಲ್ಪ ದೂರ ಪೆಡಲ್ ತುಳಿಯುತ್ತೇನೆ. ಆ ಲಿವರ್ ಬಿಟ್ಟ ತಕ್ಷಣ ಪಟಪಟ ಶುರು. ಸಿಗ್ನಲ್‌ನಲ್ಲಿ ನಿಂತರೂ ಇಂಜಿನ್ ಆಫ್ ಆಗುವುದಿಲ್ಲ, ಆಟೊಮ್ಯಾಟಿಕ್ ಕ್ಲಚ್ ಇದೆ.

ನನಗೆ ತುಂಬಾ ಇಷ್ಟವಾದದ್ದು ಇದರ ಪೆಟ್ರೋಲ್ ಪಂಪ್. ಕ್ರ್ಯಾಂಕ್‌ಕೇಸಿನ (ಇಂಜಿನ್ನಿನ ಕ್ರ್ಯಾಂಕ್ ತಿರುಗುವ ಗೂಡು) ಒತ್ತಡ ಏರಿ ಇಳಿದಂತೆ ತೆಳು ಪೊರೆಯೊಂದು ಅಲುಗಾಡಿ ಪೆಟ್ರೋಲನ್ನು ಕಾರ್ಬ್ಯುರೇಟರಿಗೆ ಎತ್ತುತ್ತದೆ. ಜಾಸ್ತಿಯಾದದ್ದು ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ವಾಪಸ್. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಬೇಕಾಗಿಯೇ ಇಲ್ಲ! ಹಿಂದೆ ಬಿಪಿ ಕಂಪನಿ ಇದಕ್ಕೆಂದೇ ಆಯಿಲ್ ಬೆರೆಸಿದ 'ಸೋಲೆಕ್ಸೀನ್' ಮಾರುತ್ತಿತ್ತು. ಈಗ ಪೆಟ್ರೋಲಿಗೆ ಟೂ-ಸ್ಟ್ರೋಕ್ ಆಯಿಲ್ ನಾವೇ ಬೆರೆಸಿಕೊಳ್ಳಬೇಕು.

ಇಷ್ಟೆಲ್ಲ ಚೆನ್ನಾಗಿದ್ದರೂ ಮಳೆ ಬಂತೆಂದರೆ ನನಗೆ ಸಿಟ್ಟು ಬರುತ್ತದೆ. ಟೈರ್ ಒದ್ದೆಯಾದರೆ ರೋಲರ್ ಜಾರುತ್ತದೆ. ಇಂಜಿನ್ ಸುಮ್ನೆ ಕೂಗುತ್ತದೆ, ಗಾಡಿ ಮುಂದೆ ಹೋಗಲ್ಲ. ಜಾರಿದಷ್ಟೂ ಟೈರಿನ ನಡು ಸವೆಯುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮಳೆ ಯಾವಾಗ ಬರುತ್ತದೆ ಅಂತ ಕೇಳಲೇಬೇಡಿ. ಅಂಥ ದಿನ ಇಂಜಿನ್ ಮೇಲೆತ್ತಿ ಮನೆವರೆಗೂ ಪೆಡಲ್ ತುಳಿಯುವುದೇ ಗತಿ. ದಿನಾ ಆಫೀಸಿಗೆ ಇದೊಂದನ್ನೇ ನಂಬಿಕೊಂಡರೆ ಕಷ್ಟ.

ಆದರೂ ಮಾರುವ ಮನಸ್ಸು ಬಂದಿಲ್ಲ. ಗಂಟೆಗೆ 30 ಕಿ.ಮೀ. ಆಸುಪಾಸಿನ ವೇಗ, ಪೆಟ್ರೋಲ್ ಕುಡಿಯುವುದು ತೀರಾ ಕಡಿಮೆ, ರಿಪೇರಿಗೆ ನಾಲ್ಕು ಸ್ಪ್ಯಾನರ್ ಸಾಕು. ಒಣ ಹವೆಯಲ್ಲಿ ಕಾಲುವೆ ಪಕ್ಕ ನಿಧಾನವಾಗಿ ಹೋಗುವುದಕ್ಕೆ ಇದಕ್ಕಿಂತ ಚೆಂದದ ಗಾಡಿ ನಾನು ಓಡಿಸಿಲ್ಲ.

ಹಳೆಯದನ್ನು ಕೊಳ್ಳುವವರು ಬಣ್ಣಕ್ಕೆ ಮರುಳಾಗಬೇಡಿ. ಇಂಜಿನ್ ಎತ್ತಿ ರೋಲರ್ ಮೇಲೆ ಬೆರಳಾಡಿಸಿ. ನುಣುಪಾಗಿದ್ದರೆ ಬೆಲೆ ಇಳಿಸಿ ಕೇಳಿ. ತಂದ ಮೇಲೆ ಟೈರಿಗೆ ಗಾಳಿ ಕಮ್ಮಿ ಆಗಲು ಬಿಡಬೇಡಿ. ನಿಲ್ಲಿಸುವಾಗ ಇಂಜಿನ್ ಎತ್ತಿಯೇ ಇಡಿ, ಇಲ್ಲದಿದ್ದರೆ ರೋಲರ್ ಒತ್ತಿದ ಜಾಗದಲ್ಲಿ ಟೈರ್ ತಗ್ಗು ಬೀಳುತ್ತದೆ.